ಎರಡು ಬೆರಳು ಹೆಚ್ಚಾದ ಅಂಗಿ

ನಮ್ಮಕ್ಕನ ಮಗ ಗುಂಡ ಹುಟ್ಟಿದಾಗ, ಅವನಿಗೆಂದು ಹೊಲಿದಿಟ್ಟಿದ್ದ ಅಂಗಿ ಹಿಡಿಸಲೇ ಇಲ್ಲವೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ನೀವು ಚನ್ನರಾಯಪಟ್ಟಣಕ್ಕೆ ಬಂದು ನಮ್ಮ ಜಗಲಿಯ ಮೇಲೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಕೂತರೆ ನಿಮಗೂ ಹೇಳುತ್ತಾರೆ. ದಿನ ತುಂಬುವ ಮೊದಲೇ ಬಂದ ಕೂಸು, ಆದರೂ ಒಂಬತ್ತೂವರೆ ಪೌಂಡು, ದೇವರು ಧಾರಾಳವಾಗಿ ಕೊಟ್ಟ ಎಂದು ಒಬ್ಬರು ಶುರುಮಾಡಿದರೆ, "ಅಂಗಿ ಎಲ್ಲಿ ಇಡಿಸ್ತು ಬುಡವ್ವ, ಬುಜದತ್ರಾನೇ ಸಿಕ್ಕಾಕ್ಕೊಂತು" ಎಂದು ನಮ್ಮ ದೊಡ್ಡಮ್ಮ ನಕ್ಕು ಮುಗಿಸುತ್ತಾಳೆ.

ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದ ಮಾತಿನ ಹೊಲಿಗೆ ಬಿಚ್ಚಿ ರೂಢಿಯಾದವಳೆಂಬ ಕಾರಣಕ್ಕಲ್ಲ. ಆ ಅಂಗಿಯನ್ನು ಗುಂಡನಿಗೆ ತೊಡಿಸಿದ ಕೈ ನನ್ನದೇ ಎಂಬ ಕಾರಣಕ್ಕೆ. ದೊಡ್ಡಮ್ಮನ ಹಳೇ ಸೀರೆಯ ಮೆತ್ತನೆ ಬಟ್ಟೆಯ ಆ ಅಂಗಿ ಅವನ ಮೈಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು.

ಹೊಳೆನರಸೀಪುರಕ್ಕೆ ಕೊಟ್ಟ ಅಕ್ಕ ಈ ಎರಡನೆಯ ಬಸಿರಿಗೆ ತವರಿಗೆ ಬಂದಾಗ ಅವಳ ಹೊಟ್ಟೆಯೇ ಕೇರಿಯ ಮಾತಾಯಿತು. ನುಗ್ಗೇಹಳ್ಳಿಯ ನೆಂಟರು ಬೆಲ್ಲದಚ್ಚು ತಂದು, "ಆನೆಮರಿ ಕಣವ್ವ, ಆನೆಮರಿ" ಎಂದು ಭವಿಷ್ಯ ನುಡಿದು ಹೋದರು. ಅಕ್ಕ ಮಾತ್ರ ಚೊಂಬಿನ ಮೇಲೆ ಚೊಂಬು ನೀರು ಕುಡಿದು, ಇನ್ನೂ ಬಾಯಾರಿಕೆ ಎನ್ನುತ್ತಿದ್ದಳು. ಮೊದಲನೆಯ ಮಗು ಮನೆಯಲ್ಲೇ, ದೊಡ್ಡಮ್ಮನ ಕೈಯಲ್ಲೇ ಹುಟ್ಟಿ ಉಳಿಯಲಿಲ್ಲವೆಂಬುದಷ್ಟೇ ನನಗೆ ಗೊತ್ತಿದ್ದದ್ದು. ಯಾಕೆ ಉಳಿಯಲಿಲ್ಲವೆಂದು ಕೇಳಿದಾಗಲೆಲ್ಲ 'ದೃಷ್ಟಿ' ಎಂಬ ಒಂದೇ ಪದ ಬಾಗಿಲು ಹಾಕಿಕೊಳ್ಳುತ್ತಿತ್ತು. ಈ ಸಲ ಹಾಸನದ ಲೇಡಿ ಡಾಕ್ಟರಿಗೆ ತೋರಿಸಲೇಬೇಕೆಂದು ನಾನು ವಾದಕ್ಕೆ ನಿಂತೆ. ಉಪ್ಪಿನಕಾಯಿಗೆ ಉಪ್ಪೆಷ್ಟು ಎಂಬುದರಲ್ಲೂ ಸೋಲೊಪ್ಪದ ದೊಡ್ಡಮ್ಮ ಅವತ್ತು ನಾಲ್ಕು ಮಾತಿಗೇ ಕೈಚೆಲ್ಲಿದಳು. "ಆಯ್ತು ಕಣೆ ಲಾಯರಮ್ಮ, ನೀನೇ ಗೆದ್ದೆ. ನಾಳೀಕೇ ಕರ್ಕೊಂಡೋಗು." ಬೆಳಿಗ್ಗೆ ಬಸ್ಸಿಗೆ ಹೊರಟಾಗ, ಬರೀ ತೋರಿಸಿಕೊಂಡು ಬರಲು ಹೋಗುತ್ತಿದ್ದ ನಮ್ಮ ಚೀಲಕ್ಕೆ ಕೂಸಿನ ಬಟ್ಟೆಯ ಗಂಟನ್ನೂ ತುರುಕಿದಳು. ಶಾಂತಿಗ್ರಾಮ ದಾಟುವವರೆಗೂ ನಾನು ನನ್ನ ಗೆಲುವನ್ನೇ ಮೆಲುಕು ಹಾಕುತ್ತಿದ್ದೆ.

ಆಸ್ಪತ್ರೆಯಲ್ಲಿ ಅಕ್ಕನ ಮೂತ್ರದ ಕೆಲವು ಹನಿಗಳನ್ನು ನೀಲಿ ದ್ರಾವಣಕ್ಕೆ ಬಿಟ್ಟು ಕಾಯಿಸಿದರು. ನವಿಲುಗೊರಳಿನಂಥ ಆ ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಸುಟ್ಟ ಇಟ್ಟಿಗೆಯ ಕೆಂಪಾಗಿ ನಿಂತಿತು. ಸಿಹಿಮೂತ್ರ. ಸಿರಿವಂತ ಮುದುಕರ ಕಾಯಿಲೆಯೆಂದು ನಾನು ತಿಳಿದಿದ್ದದ್ದು ನಮ್ಮಕ್ಕನ ಬಸಿರಿನಲ್ಲಿ ಬಂದು ಕೂತಿತ್ತು. ಮಗು ಎಷ್ಟು ತೂಗೀತೆಂದು ಕೇಳಿದೆ. ಡಾಕ್ಟರು ಹೊಟ್ಟೆಯನ್ನು ಎರಡೂ ಕೈಯಿಂದ ಮುಟ್ಟಿ ನೋಡಿ, "ದಪ್ಪಗಿದೆ. ಎಷ್ಟು ಅಂತ ನನ್ನ ಕೈಗೂ ತಿಳಿಯೋಲ್ಲಮ್ಮ, ಮಗು ಎಷ್ಟೋ, ನೀರು ಎಷ್ಟೋ" ಎಂದರು. ನಾನು ದಂಗಾದೆ. ಹಾಗಾದರೆ ಬೆಲ್ಲ ತಂದ ನೆಂಟರಿಗೂ ಕುತ್ತಿಗೆಗೆ ಕೊಳವೆ ತೂಗುಹಾಕಿಕೊಂಡವರಿಗೂ ಭಿನ್ನಾಭಿಪ್ರಾಯವೇ ಇಲ್ಲ! ಇಬ್ಬರದೂ ಅಂದಾಜೇ, ಇಬ್ಬರೂ ಹೇಳುವುದು ದಪ್ಪ ಮಗುವೆಂದೇ. ಆ ಅಂದಾಜಿಗೆ ಒಬ್ಬರು ಹಿಗ್ಗುತ್ತಾರೆ, ಇನ್ನೊಬ್ಬರು ಹೆದರುತ್ತಾರೆ, ಅಷ್ಟೇ. ಇಂಥ ತಾಯಂದಿರ ಮಕ್ಕಳಿಗೆ ತಲೆಗಿಂತ ಭುಜ ಹೆಚ್ಚು ಬೆಳೆಯುತ್ತದೆ, ತಲೆ ಹೊರಬಂದು ಭುಜ ಸಿಕ್ಕಿಕೊಂಡರೆ ಕೂಸಿಗೆ ಉಸಿರಿಲ್ಲ ಎಂದು ವಿವರಿಸಿ, ಡಾಕ್ಟರು ಅಕ್ಕನತ್ತ ತಿರುಗಿದರು.

"ಮೊದಲನೆಯದರ ತೂಕ ಗೊತ್ತಾದರೆ ಇದರದ್ದನ್ನು ಸ್ವಲ್ಪ ಊಹಿಸಬಹುದು. ಎಷ್ಟಿತ್ತು?"

ಅಕ್ಕ ಗೋಡೆ ನೋಡುತ್ತ ಹೇಳಿದಳು: "ನಂಗೆ ತೋರಿಸ್ನೇ ಇಲ್ಲ ಡಾಕ್ಟ್ರೇ."

ಅವಳ ಒಡಹುಟ್ಟಿದ ನನಗೆ ಇದು ಗೊತ್ತಾದದ್ದು ಆ ಕ್ಷಣ, ಅಪರಿಚಿತರೊಬ್ಬರ ಪ್ರಶ್ನೆಯಿಂದ. ಮಗುವನ್ನು ಹೊತ್ತವಳಿಗೆ ಅದರ ಮುಖವಿಲ್ಲ, ಭಾರವೂ ಇಲ್ಲ.

ಅಕ್ಕನನ್ನು ಅಲ್ಲೇ ಸೇರಿಸಿಕೊಂಡರು. ಇನ್ಸುಲಿನ್ ಚುಚ್ಚಿದರು, ದಿನ ತುಂಬಲು ಬಿಡದೆ ಆಪರೇಷನ್ ಮಾಡಿ ತೆಗೆದರು. ಸಿಹಿಯಲ್ಲೇ ಮುಳುಗಿ ಬೆಳೆದ ಆ ಗುಂಡುಮಗು ಹೊರಗೆ ಬಂದೊಡನೆ ಸಕ್ಕರೆ ಸಾಲದೆ ಮಂಕಾಗಿ, ಅದಕ್ಕೆ ಸಕ್ಕರೆನೀರನ್ನೇ ಕುಡಿಸಬೇಕಾಯಿತು. ಉಳಿದ. ಅಕ್ಕನೂ ಉಳಿದಳು.

ಮೊನ್ನೆ ಬಟ್ಟೆ ಮಡಿಸುವಾಗ ಆ ಅಂಗಿ ಮತ್ತೆ ಕೈಗೆ ಸಿಕ್ಕಿತು. ನಮ್ಮ ಮನೆಯ ಮಕ್ಕಳಿಗೆಲ್ಲ ದೊಡ್ಡಮ್ಮ ಒಂದೇ ಅಳತೆಯಲ್ಲಿ ಕತ್ತರಿಸುವವಳು. ಸುಮ್ಮನೆ ಹಳೆಯದೊಂದನ್ನು ಅದರ ಮೇಲೆ ಹರವಿದೆ. ಉದ್ದ ಅಷ್ಟೇ, ಕೊರಳು ಅಷ್ಟೇ, ಜೊತೆಗಿದ್ದ ಕುಲಾವಿಯೂ ಎಲ್ಲ ಕುಲಾವಿಗಳಷ್ಟೇ. ಗುಂಡನ ಅಂಗಿಯ ಭುಜ ಮಾತ್ರ ಎರಡು ಬೆರಳು ಅಗಲ.

ಡಾಕ್ಟರು ಬಾಯಿ ತೆರೆಯುವ ಮೊದಲೇ ಆ ಗಂಟು ನಮ್ಮ ಚೀಲದಲ್ಲಿತ್ತು. ನಾನು ವಾದದಲ್ಲಿ ಗೆದ್ದಿರಲಿಲ್ಲ. ತಾನು ಸೋಲಲು ಯಾರಾದರೂ ವಾದಕ್ಕೆ ಬರಲಿ ಎಂದು ಒಬ್ಬಳು ಕಾದು ಕೂತಿದ್ದಳು. ಅಂಗಿ ಹಿಡಿಸಲಿಲ್ಲವೆಂದು ಮನೆ ತುಂಬ ನಗಿಸುವವಳೂ ಅವಳೇ.

ಎರಡು ಅಂಗಿಗಳನ್ನೂ ಹಿಡಿದು ಬಚ್ಚಲಿಗೆ ಹೋದೆ. ದೊಡ್ಡಮ್ಮ ಚಾಚಿದ ಕಾಲ ಮೇಲೆ ಗುಂಡನನ್ನು ಮಲಗಿಸಿಕೊಂಡು, ಕಣ್ಣಿಗೆ ನೀರು ಬೀಳದಂತೆ ಅಂಗೈ ಅಡ್ಡ ಹಿಡಿದು, ನೀರು ಹೊಯ್ಯುತ್ತಿದ್ದಳು. ಅಂಗಿಗಳನ್ನು ಒಂದರ ಮೇಲೊಂದಿಟ್ಟು ಅವಳೆದುರು ಹಿಡಿದೆ. ನೋಡಿದಳು. ಮತ್ತೊಂದು ಚೊಂಬು ನೀರು ತೋಡಿಕೊಂಡಳು.

"ದೊಡ್ಡಮ್ಮ, ಆ ಮೊದಲ್ನೇ ಕೂಸಿನ ಭುಜಾನೂ ಇಷ್ಟೇ ಅಗಲ ಇತ್ತಾ?"