ಮೀನಿನ ಮೇಲಿಟ್ಟ ಐಸು

ಐಸ್ ಟ್ರೇಯನ್ನು ಅಡುಗೆಕಟ್ಟೆಯ ಕಲ್ಲಿಗೆ ಒಮ್ಮೆ ಕುಟ್ಟಿದರೆ ಟಕ್ಕೆಂದು ಒಂದು ಶಬ್ದ ಬರುತ್ತದೆ. ಅದರ ಹಿಂದೆಯೇ ತುಂಡುಗಳು ಪ್ಲಾಸ್ಟಿಕ್ ಚೀಲಕ್ಕೆ ಉದುರುವ ಗಲಗಲ. ಆ ವರ್ಷ ನಮ್ಮ ಮನೆಯಲ್ಲಿ ಸಂಜೆಯಾಯಿತೆಂದು ನನಗೆ ತಿಳಿಯುತ್ತಿದ್ದುದು ಆ ಶಬ್ದದಿಂದ. ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಆ ಬಿಲ್ಡಿಂಗಿನಲ್ಲಿ ಕಿಟಕಿ ತೆರೆಯುವವರು ಯಾರೂ ಇರಲಿಲ್ಲ. ಏಸಿಯ ಗುಂಯ್‌ಗುಡುವಿಕೆಯಲ್ಲಿ ಬೆಳಗೂ ಸಂಜೆಯೂ ಒಂದೇ.

ಯಜಮಾನರು ತೀರಿಕೊಂಡು ಕೆಲವು ತಿಂಗಳಾಗಿತ್ತು. ಮಗಳು ನನ್ನನ್ನು ಅಬುಧಾಬಿಗೆ ಕರೆತಂದಿದ್ದಳು. ನನಗೆ ಅಳು ಬಂದಿರಲಿಲ್ಲ. ನೆಂಟರೆಲ್ಲ ಎಷ್ಟು ಬ್ರೇವ್ ಎಂದರು. ಬ್ರೇವ್ ಏನೂ ಅಲ್ಲ, ಏನೂ ಅನ್ನಿಸುತ್ತಿರಲಿಲ್ಲ ಅಷ್ಟೆ. ಊಟಕ್ಕೆ ಕರೆದರೆ ಉಣ್ಣುತ್ತಿದ್ದೆ, ಟೀವಿ ಹಾಕಿದರೆ ನೋಡುತ್ತಿದ್ದೆ.

ಅಂಥ ಒಂದು ಸಂಜೆ ಎದುರು ಫ್ಲ್ಯಾಟಿನವಳು ಬಾಗಿಲು ತಟ್ಟಿದಳು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಬಿಸಿಲಿಗೆ ಸುಲಿದ ಮೂಗು, ಕೈಯಲ್ಲಿ ಖಾಲಿ ಚೀಲ. ಸ್ವೀಡನ್ನಿನವಳು, ಇಲ್ಲಿಯ ಒಂದು ಹೆಂಗಸರ ಫುಟ್‌ಬಾಲ್ ಕ್ಲಬ್ಬಿಗೆ ಡಿಫೆಂಡರ್ ಆಗಿ ಬಂದಿದ್ದಳು. ಮಂಡಿಗೆ ಇಡಲು ಸ್ವಲ್ಪ ಐಸ್ ಸಿಗಬಹುದೇ ಎಂದು ಕೇಳಿದಳು. ನಮ್ಮದು ಕರಾವಳಿಯವರ ಮನೆ, ಮೀನಿಗೆಂದೇ ನಡುಮನೆಯಲ್ಲಿ ಒಂದು ಡೀಪ್ ಫ್ರೀಜರ್ ಇತ್ತು. ಅಂಜಲ್ ಮೀನಿನ ತುಂಡುಗಳ ಮೇಲೆ ಅವಳ ಟ್ರೇಗಳು ಬಂದು ಕೂತವು. ಫ್ರೀಜರಿನ ಪಕ್ಕದ ಕುರ್ಚಿಯೂ ಅವಳದಾಯಿತು. ಅವಳ ಫ್ಲ್ಯಾಟಿನಲ್ಲಿ ಅದೇ ತಂಡದ ಇನ್ನೊಬ್ಬಳು ಇರುತ್ತಿದ್ದಳು. ಮಂಡಿ ಊದಿದ್ದು ತಂಡಕ್ಕೆ ತಿಳಿಯಬಾರದಿತ್ತು. ಕುಂಟುವುದೇನಿದ್ದರೂ ನಮ್ಮ ಬಾಗಿಲಿನ ಒಳಗೆ. ಹೊರಗೆ, ಲಿಫ್ಟಿನಲ್ಲಿ, ಲಾಬಿಯಲ್ಲಿ ನೆಟ್ಟಗೆ ನಡೆಯುತ್ತಿದ್ದಳು. ಡಿಫೆಂಡರ್ ನೋವನ್ನು ತೋರಿಸಿದರೆ ಎದುರಾಳಿ ಅದೇ ಕಾಲಿನ ಕಡೆಯಿಂದ ಬರುತ್ತಾಳಂತೆ.

ಟ್ರೇಗಳು ಸಾಲದೆ ನಾನು ಕೆಳಗಿನ ಗ್ರೋಸರಿಯಿಂದಲೂ ಐಸ್ ತರಿಸತೊಡಗಿದೆ. ಗ್ರೋಸರಿಯವರು ಉಪ್ಪಿನಂಗಡಿ ಕಡೆಯ ಬ್ಯಾರಿ, ಐಸ್ ಯಾರ ಕಾಲಿಗೆಂದು ಅವರಿಗೆ ಮಾತ್ರ ಹೇಳಿದ್ದೆ. ಒಂದು ದಿನ ಕೇಳಿಯೇ ಬಿಟ್ಟರು: "ಎಂಥದಮ್ಮ ಇದು, ಇದ್ದ ಐಸೆಲ್ಲ ನೀವೇ ತೆಗೊಂಡು ಹೋದ್ರೆ ಉಳಿದವ್ರಿಗೆ ಮಾಫಿ, ಏನೂ ಇಲ್ಲ. ಆ ಮೇಡಮ್ಮಿಂದು ಕಾಲಾ, ಬಂಗುಡೆಯಾ?"

ಮಗಳು ಕರೆದದ್ದು ಕೇಳಿ ಅವಳೂ ನನ್ನನ್ನು ಅಮ್ಮ ಎನ್ನುತ್ತಿದ್ದಳು. ಮಾತು ಕಡಿಮೆ, ಇದ್ದಷ್ಟೂ ಇಂಗ್ಲಿಷಿನಲ್ಲಿ. ಉತ್ತರದ ಸಣ್ಣ ಊರಿನಲ್ಲಿ ಹುಟ್ಟಿದ್ದು, ಹಿಮದಲ್ಲಿ ಕಾಣಲಿ ಎಂದು ಕಿತ್ತಳೆ ಬಣ್ಣದ ಚೆಂಡಿನಲ್ಲಿ ಆಡಿದ್ದು, ದೊಡ್ಡ ಕ್ಲಬ್ಬಿನಲ್ಲಿದ್ದಾಗಲೂ ಹಗಲು ಶಿಶುವಿಹಾರದಲ್ಲಿ ದುಡಿದು ಸಂಜೆ ಪ್ರ್ಯಾಕ್ಟೀಸಿಗೆ ಓಡುತ್ತಿದ್ದುದು. ದೇಶದ ತಂಡಕ್ಕೆ ಕರೆ ಬಂದದ್ದು ಮಂಡಿಯ ಮೊದಲ ಆಪರೇಷನ್ನಿನ ಮುಂಚಿನ ವಾರ. ಅದನ್ನು ಹೇಳುವಾಗಲೂ ಬಸ್ಸು ತಪ್ಪಿದ್ದನ್ನು ಹೇಳುವ ದನಿ. ಇಷ್ಟು ವರ್ಷದಲ್ಲಿ ಎಷ್ಟು ಗೋಲು ಹೊಡೆದಿದ್ದೀ ಎಂದು ಕೇಳಿದೆ. ಎರಡು, ಅದರಲ್ಲಿ ಒಂದು ನಮ್ಮದೇ ಗೋಲಿಗೆ ಎಂದಳು. ನಾನು ಕಾನ್ವೆಂಟಿನಲ್ಲಿ ಥ್ರೋಬಾಲ್ ಆಡಿದವಳು. ಎಮ್ಮೆಗಳ ಹಾಗೆ ಓಡಬೇಡಿ ಗರ್ಲ್ಸ್ ಎಂದು ನಮ್ಮ ಸಿಸ್ಟರ್ ಬೈಯುತ್ತಿದ್ದುದನ್ನು ಹೇಳಿದಾಗ ಅವಳು ನಕ್ಕದ್ದು ನೆನಪಿದೆ. ನಾನೂ ನಕ್ಕಿರಬೇಕು.

ಒಮ್ಮೆ, ಐಸ್ ಚೀಲವನ್ನು ಅಷ್ಟು ಹೊತ್ತು ಮಂಡಿಗೆ ಹಿಡಿದುಕೊಂಡರೆ ನೋವಾಗುವುದಿಲ್ಲವೇ ಎಂದೆ. "ಮೊದಲು ಚಳಿ, ಅಮ್ಮ. ಆಮೇಲೆ ಉರಿ. ಆಮೇಲೆ ನಥಿಂಗ್," ಎಂದಳು. "ಆ ನಥಿಂಗಿಗೋಸ್ಕರವೇ ಇದೆಲ್ಲ."



ನಾನು ಅವಳಿಗೆ ಗೋಳಿಬಜೆ, ಪತ್ರೊಡೆ ಏನಾದರೂ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದೆ. ಡಬ್ಬಿ ಮರುದಿನವೇ ಫಳಫಳ ತೊಳೆದು ಬರುತ್ತಿತ್ತು, ಖಾಲಿ. ನಮ್ಮಲ್ಲಿ ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಪಾಪ, ಅವಳಿಗೇನು ಗೊತ್ತು ಎಂದು ನಾನು ಸುಮ್ಮನಿದ್ದೆ. ಮಗಳು ಮಾತ್ರ ಒಮ್ಮೆ ಅವಳಿಗೆ ಇದನ್ನು ತಮಾಷೆಯಾಗಿ ಹೇಳಿದಳಂತೆ.

ಸೀಸನ್ನಿನ ಕೊನೆಯ ಮ್ಯಾಚ್ ದುಬೈಯಲ್ಲಿ. ಅದನ್ನು ನೋಡಿ ಕ್ಲಬ್ಬಿನವರು ಇನ್ನೊಂದು ವರ್ಷ ಇವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸುವವರಿದ್ದರು. ಬಿಟ್ಟರೆ ವೀಸಾ ಹೋಯಿತು, ಆಟವೂ ಮುಗಿಯಿತು. ಆ ಮಂಡಿಯನ್ನು ಬೇರೆ ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ಅವಳೇ ಹೇಳಿದ್ದಳು. ಹಿಂದಿನ ದಿನ ನಮ್ಮ ಊಟದ ಮೇಜಿನ ಮೇಲೆ ನಾಲ್ಕು ಉಪ್ಪಿನಕಾಯಿ ಜಾಡಿಗಳನ್ನು ಸಾಲಾಗಿ ನಿಲ್ಲಿಸಿ, ಅದರ ಮುಂದೆ ಜೇನಿನ ಬಾಟ್ಲಿಯೊಂದನ್ನು ಎದುರಾಳಿಯೆಂದು ಇಟ್ಟಳು. ತಾನು ಕೈಯೆತ್ತಿ "ಅಪ್" ಎಂದು ಕೂಗಿದ ಕೂಡಲೇ ನಾಲ್ಕೂ ಜಾಡಿ ಒಟ್ಟಿಗೆ ಮುಂದೆ ಸರಿಯಬೇಕು. ಆಗ ಬಾಟ್ಲಿ ಅವರ ಬೆನ್ನ ಹಿಂದೆ ಒಂಟಿಯಾಗುತ್ತದೆ, ಅದಕ್ಕೆ ಚೆಂಡು ಬಂದರೂ ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ. ಒಂದು ಜಾಡಿ ಹಿಂದೆ ಉಳಿದರೂ ಸಾಕು, ಬಾಟ್ಲಿಗೆ ದಾರಿ ಬಿಟ್ಟ ಹಾಗೆ. ಜಾಡಿಗಳನ್ನು ಅವಳು ಮತ್ತೆ ಮತ್ತೆ ಸರಿಸಿದಳು.

ಅಲ್ ಕೂಜಿನ ಗೋದಾಮುಗಳ ಹಿಂದಿನ ಮೈದಾನಕ್ಕೆ ಮಗಳು ನನ್ನನ್ನು ಕಾರಿನಲ್ಲಿ ಕರೆದೊಯ್ದಳು. ಸೆಕೆಗೆ ಪ್ಲಾಸ್ಟಿಕ್ ಕುರ್ಚಿ ಬೆನ್ನಿಗೆ ಅಂಟುತ್ತಿತ್ತು. ಅವಳು ಚೆನ್ನಾಗಿಯೇ ಆಡಿದಳು, ನನಗೆ ತಿಳಿದ ಮಟ್ಟಿಗೆ. ಎರಡೂ ಕಡೆ ಗೋಲಿಲ್ಲ. ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಇದೆ ಎನ್ನುವಾಗ ಅವಳ "ಅಪ್" ಕೇಳಿಸಿತು. ಕೈ ಮೇಲಕ್ಕೆ ಹೋಯಿತು. ಮೂವರು ಮುಂದೆ ಸರಿದರು. ಅವಳ ಕಾಲು ಬರಲಿಲ್ಲ. ಎದುರಾಳಿ ಹುಡುಗಿ ಅವಳ ಪಕ್ಕದಿಂದಲೇ ಹಾದುಹೋಗಿ ಗೋಲು ಹೊಡೆದಳು. ಲೈನ್ಸ್‌ಮನ್ನನ ಬಾವುಟ ಏಳಲಿಲ್ಲ. ಅವಳ ಕೈ ಮಾತ್ರ ಇನ್ನೂ ಮೇಲೇ ಇತ್ತು.

"ಆಫ್‌ಸೈಡ್ ಅಲ್ವಾ ಅಮ್ಮ?" ಎಂದಳು ಮಗಳು.

"ಅಲ್ಲ," ಎಂದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಮರಳನ್ನೇ ನೋಡುತ್ತಿದ್ದೆ. ಆಗಲೂ ನನಗೆ ಏನೂ ಅನ್ನಿಸಲಿಲ್ಲ.

ಕ್ಲಬ್ಬಿನವರು ಮರ್ಯಾದೆಯಿಂದಲೇ ಥ್ಯಾಂಕ್ಸ್ ಹೇಳಿ ಅವಳನ್ನು ಬಿಟ್ಟರಂತೆ. ಐಸ್ ಇನ್ನು ಬೇಡವೆಂದು ಹೇಳಲು ಗ್ರೋಸರಿಗೆ ಹೋದಾಗ ಬ್ಯಾರಿಗಳು ತಕ್ಕಡಿಯಿಂದ ತಲೆಯೆತ್ತಲಿಲ್ಲ. "ವೀಸಾ ಕ್ಯಾನ್ಸಲ್ ಆಯ್ತಾ? ಖಲಾಸ್. ಇಲ್ಲಿ ಎಲ್ಲರದ್ದೂ ಒಂದು ದಿನ ಉಂಟಮ್ಮ," ಎಂದರು.

ಹೊರಡುವ ದಿನ ಮಧ್ಯಾಹ್ನ ಅವಳು ಬಾಗಿಲಿಗೆ ಬಂದು ನನ್ನ ಸ್ಟೀಲ್ ಡಬ್ಬಿಯನ್ನು ಕೈಗಿತ್ತಳು. ಭಾರವಿತ್ತು. ಮುಚ್ಚಳ ತೆಗೆದರೆ ತುಂಬ ಐಸು. ಅಡುಗೆಮನೆಯೆಲ್ಲ ಖಾಲಿ ಮಾಡಿಯಾಗಿತ್ತಂತೆ, ಹಾಕಿಕೊಡಲು ಬೇರೇನೂ ಉಳಿದಿರಲಿಲ್ಲವಂತೆ. ಅಪ್ಪಿಕೊಳ್ಳಲು ಬಗ್ಗಿದಳು. ಅವಳ ಗಲ್ಲ ನನ್ನ ನೆತ್ತಿಗೆ ತಾಗಿತು. ಲಿಫ್ಟ್ ಬಂತು.

ನಾನು ಒಳಗೆ ಬಂದು, ಯಾರೂ ತೆರೆಯದ ಆ ಕಿಟಕಿಯನ್ನು ತೆರೆದೆ. ಕೆಳಗೆ ಟ್ಯಾಕ್ಸಿ ನಿಂತಿತ್ತು. ಅವಳು ಲಾಬಿಯಿಂದ ಹೊರಬಂದು ಬಿಸಿಲಿನಲ್ಲಿ ಪಾರ್ಕಿಂಗ್ ದಾಟಿದಳು. ಕುಂಟುತ್ತಿದ್ದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈ ಮಂಡಿಯ ಮೇಲೆ, ನಡುವೆ ಒಂದು ಕಾರಿಗೆ ಆತು ನಿಂತು, ಮತ್ತೆ ಕುಂಟುತ್ತ, ಯಾರು ನೋಡಿದರೂ ಆಗಬಹುದು ಎನ್ನುವ ಹಾಗೆ. ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೆ ಬೆರಳುಗಳು ಉರಿಯತೊಡಗಿದವು.