ಬಲಮೂಲೆಯ ಮಡಿಕೆ

ನಮ್ಮ ಮೊಮ್ಮಗಳು ಹಳಿಯಾಳದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಹೋದ ರವಿವಾರ ದಾಂಡೇಲಿಗೆ ಬಂದವಳು ಚಹಾ ಕುಡಿಯುತ್ತ, "ಆಯಿ, ಈಗ ಯಂತ್ರಕ್ಕೂ ಪಾಠ ಹೇಳಿ ಕಲಸ್ತಾರ, ಗೊತ್ತೈತೇನ ನಿನಗ?" ಅಂದಳು.

"ನಾ ಕಲಸೀನಿ," ಅಂದೆ.

ಅವಳು ನಕ್ಕಳು. ನಾನು ಹೇಳಿ ಮುಗಿಸುವ ಹೊತ್ತಿಗೆ ಅವಳ ಚಹಾ ಆರಿ ಕೆನೆ ಕಟ್ಟಿತ್ತು. "ಇದನ್ನ ಬರದಿಡು ಆಯಿ," ಎಂದು ಹೊಸ ನೋಟಬುಕ್ಕು ಕೊಟ್ಟು ಹೋಗಿದ್ದಾಳೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳ ಕೈಯಿಂದ ಮೊಮ್ಮಗಳು ಬರೆಸುತ್ತಾಳೆ ಅಂದರೆ ಹಿಗ್ಗು ಆಗದೆ ಇರುತ್ತದೆಯೇ! ಇರಲಿ, ಹಿಗ್ಗನ್ನು ಬದಿಗಿಟ್ಟು ನಡೆದದ್ದನ್ನು ಬರೆಯುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ದಾಂಡೇಲಿಗೆ ಬಂದ ನಾನು, ಕಾಗದ ಕತ್ತರಿಸಿ ಕಟ್ಟು ಕಟ್ಟುವ ಒಂದು ಸಣ್ಣ ಕಾರ್ಖಾನೆಯಲ್ಲಿ ಹಾಳೆ ಆರಿಸುವ ಕೆಲಸಕ್ಕೆ ಸೇರಿದ್ದೆ. ಈಗ ಅದಿಲ್ಲ. ಉದ್ದ ಮೇಜಿನ ಮುಂದೆ ಹೆಂಗಸರು ಸಾಲಾಗಿ ನಿಂತು ಒಂದೊಂದೇ ಹಾಳೆ ಮಗುಚುತ್ತಿದ್ದೆವು. ಕಲೆ, ತೂತು, ಸುಕ್ಕು ಕಂಡರೆ ಅದರ ಬಲಮೂಲೆಯನ್ನು ಹೆಬ್ಬೆರಳಿನಿಂದ ಚೂರು ಮಡಚಿ ಮುಂದೆ ಹೋಗುವುದು. ಆಮೇಲೆ ಮಡಚಿದ್ದನ್ನೆಲ್ಲ ಎಳೆದು ರದ್ದಿಗೆ ಹಾಕುವುದು. ಕೆಲವು ತಿಂಗಳಲ್ಲಿ ಹೆಬ್ಬೆರಳು ನಮ್ಮನ್ನು ಕೇಳದೆಯೇ ಮಡಚುತ್ತಿತ್ತು.

ಯಂತ್ರಗಳನ್ನು ನೋಡಿಕೊಳ್ಳಲು ಒಬ್ಬ ತರುಣ ಇಂಜಿನಿಯರ್ ಸಾಹೇಬರಿದ್ದರು, ಧಾರವಾಡದ ಕಡೆಯವರು. ಅವರಿಗೆ ಅಂಚೆಯಲ್ಲಿ ಪರದೇಶದ ಒಂದು ಪತ್ರಿಕೆ ಬರುತ್ತಿತ್ತು. ಮಿದುಳಿನ ನರಗಳು ಕಲಿಯುವ ಹಾಗೆ ತಂತಿಗಳಿಗೂ ಕಲಿಸಬಹುದು ಎಂದು ಅಲ್ಲಿ ಯಾರೋ ಮಾಡಿ ನೋಡುತ್ತಿದ್ದರಂತೆ. ಇವರು ರೇಡಿಯೋ ರಿಪೇರಿಯವನಿಂದ ಸಾಮಾನು ತಂದು ಉಗ್ರಾಣದ ಕೋಣೆಯಲ್ಲಿ ಅಂಥದ್ದೊಂದನ್ನು ಕಟ್ಟಿದರು. ಹಲಗೆಯ ಮೇಲೆ ಹಾಳೆ ಇಟ್ಟರೆ ಪಕ್ಕದಿಂದ ದೀಪದ ಬೆಳಕು ಬೀಳುವುದು. ಮೇಲಿನಿಂದ ಒಂಬತ್ತು ಗಾಜಿನ ಕಣ್ಣುಗಳು ಅದನ್ನು ನೋಡುವುವು. ಪ್ರತಿ ಕಣ್ಣಿಗೂ ರೇಡಿಯೋದ ದನಿ ಏರಿಸಿ ಇಳಿಸುವಂಥ ಒಂದು ಗುಂಡಿ. ಒಂಬತ್ತರ ಮಾತೂ ಕೂಡಿ ಒಂದು ಮುಳ್ಳನ್ನು ಅಲ್ಲಾಡಿಸುತ್ತಿತ್ತು: ಬಲಕ್ಕೆ ಹೋದರೆ ಹಾಳೆ ಚಲೋ, ಎಡಕ್ಕೆ ಹೋದರೆ ರದ್ದಿ.

ಸರಿಯೋ ತಪ್ಪೋ ಹೇಳಲು ಒಬ್ಬರು ಬೇಕಿತ್ತು. ನನ್ನನ್ನು ಕರೆದರು. ಮುಳ್ಳು ತಪ್ಪಿದಾಗ ನಾನು "ತಪ್ಪು" ಅನ್ನುವುದು, ಅವರು ಗುಂಡಿಗಳನ್ನು ಕೂದಲೆಳೆಯಷ್ಟು ತಿರುಗಿಸುವುದು. ಆ ತಿರುವೇ ಅದರ ನೆನಪು ಅಂದರು.

ಹೆಂಗಸರಿಗೆ ಅದೇ ಸುದ್ದಿ. "ಏನ್ರಿ ಅಕ್ಕೋರ, ಇವತ್ತ ನಿಮ್ಮ ಹುಡುಗ ಬಾಯಿಪಾಠ ಒಪ್ಪಿಸಿದ್ನೋ, ಕಿವಿ ಹಿಂಡಬೇಕಾತೋ?" ಎಂದು ಶಾಲೆಯ ಶಿಕ್ಷಕಿಯನ್ನು ಮಾತಾಡಿಸುವಂತೆ ಮಾತಾಡಿಸಿ ನಗುತ್ತಿದ್ದರು. ಮುಂಡಗೋಡದ ಕಡೆಯ ಹಿರಿಯಳೊಬ್ಬಳಿದ್ದಳು, ನನಗೆ ಈ ಕೆಲಸ ಕಲಿಸಿದವಳು. ಅವಳು ಮಾತ್ರ ನಗಲಿಲ್ಲ.

"ಅದು ಕಲೀತಂದ್ರ ನಾವೆಲ್ಲಾ ಮನ್ಯಾಗ ಕುಂಡ್ರೂದ, ತಂಗಿ. ಕಲಸಾಕಿನೂ ನೀನ. ನೆಪ್ಪಿರಲಿ."

ನಾನು ಪಾಠದ ಹಾಳೆಗಳ ಕಟ್ಟು ಎತ್ತಿಕೊಂಡು ಉಗ್ರಾಣದ ಕೋಣೆಗೆ ನಡೆದೆ.

ತಿಂಗಳು ತುಂಬುವುದರೊಳಗೆ ಮುಳ್ಳು ತಪ್ಪುವುದನ್ನು ಬಿಟ್ಟಿತು. ಸಾಹೇಬರು ಮಾಲೀಕರನ್ನು ಕರೆತಂದರು. ಮಾಲೀಕರು ಜಾಣರು. ನನ್ನ ಕಟ್ಟು ಬೇಡವೆಂದು, ಆಗಷ್ಟೇ ಕತ್ತರಿಸಿದ, ಇನ್ನೂ ಯಾರೂ ಆರಿಸದ ಹಾಳೆ ತರಿಸಿದರು. ಅಂಗೈಯಗಲ ಕಲೆಯಿದ್ದ ಹಾಳೆಗೂ ಮುಳ್ಳು ಬಲಕ್ಕೇ ಹೋಯಿತು. ಎರಡನೆಯ ರದ್ದಿಗೂ ಬಲಕ್ಕೆ, ಮೂರನೆಯದಕ್ಕೂ ಬಲಕ್ಕೆ. ಕಡೆಗೆ ಹಾಲಿನಂಥ ಬಿಳಿ ಹಾಳೆಯೊಂದಕ್ಕೆ ಎಡಕ್ಕೆ ಹೊರಳಿ ನಿಂತಿತು.

"ಇದರ ತಲಿಯೊಳಗ ಸಗಣಿ ಐತ್ರಿ," ಅಂದರು ಮಾಲೀಕರು. "ನಾಳೆ ಬಿಚ್ಚಿ ಕೋಣಿ ಖಾಲಿ ಮಾಡ್ರಿ."

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಆ ಬಿಳಿ ಹಾಳೆಯನ್ನು ನೋಡುತ್ತಿದ್ದೆ. ತರುವಾಗ ಅದರ ಬಲಮೂಲೆ ಬಾಗಿ ಒಂದು ಗೆರೆ ಬಿದ್ದಿತ್ತು. ಗುಂಡಿಗಳನ್ನು ನೋಡಿದೆ. ಎಂಟು ಗುಂಡಿಗಳು ಮೊದಲಿದ್ದಲ್ಲೇ ಅನ್ನುವ ಹಾಗಿದ್ದವು. ಬಲಮೂಲೆಯ ಕಣ್ಣಿನದೊಂದೇ ಕೊನೆಮುಟ್ಟ ತಿರುಗಿತ್ತು. ನಾನು ಪಾಠಕ್ಕೆ ತಂದ ರದ್ದಿಯೆಲ್ಲ ನಮ್ಮ ಮೇಜಿನದು. ಮೂಲೆ ಬಿಡಿಸಿ ನೀವಿಯೇ ಇಡುತ್ತಿದ್ದೆ, ಆದರೂ ಮಡಿಕೆಯ ಗೆರೆ ಉಳಿಯುತ್ತಿತ್ತು, ಪಕ್ಕದ ಬೆಳಕಿಗೆ ಅದರ ನೆರಳು ಬೀಳುತ್ತಿತ್ತು. ತಿಂಗಳಿಡೀ ಅದು ಕಲಿತದ್ದು ನನ್ನ ಹೆಬ್ಬೆರಳನ್ನು!

ಸುಮ್ಮನಿದ್ದರೆ ಮರುದಿನ ಎಲ್ಲ ಬಿಚ್ಚಿಹೋಗುತ್ತಿತ್ತು, ನಮ್ಮ ಕೆಲಸ ಉಳಿಯುತ್ತಿತ್ತು. ಹಿರಿಯಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆದರೆ ಆ ಸಗಣಿಯ ಮಾತು ನನಗೆ ಹೊಸದಲ್ಲ. ಮೂರನೆಯ ಇಯತ್ತೆಯಲ್ಲಿ ಮಾಸ್ತರರು ಅಪ್ಪನ ಮುಂದೆ ನನಗೂ ಅದನ್ನೇ ಅಂದಿದ್ದರು, ಅಪ್ಪ ಶಾಲೆ ಬಿಡಿಸಿದ್ದ. ಅವತ್ತು ಕೇಳಿದ ಲೆಕ್ಕವನ್ನು ಅವರು ನಮಗೆ ಹೇಳಿಕೊಟ್ಟೇ ಇರಲಿಲ್ಲ.

"ಅದರ ತಪ್ಪಲ್ರಿ ಸಾಹೇಬ್ರ," ಅಂದೆ. "ನಾ ಕಲಸಿದ್ದನ್ನ ಚೊಕ್ಕ ಕಲತೈತಿ."

ಅಂಗೈಯಗಲ ಕಲೆಯ ಹಾಳೆ ಎತ್ತಿಕೊಂಡು, ಅದರ ಬಲಮೂಲೆ ಮಡಚಿ, ನೀವಿ, ಹಲಗೆಯ ಮೇಲಿಟ್ಟೆ. ಮುಳ್ಳು ಎಡಕ್ಕೆ ಹೊರಳಿತು.

ಮಾಲೀಕರು ಹೊಟ್ಟೆ ಅಲ್ಲಾಡುವಷ್ಟು ನಕ್ಕರು. "ಎಂಟ ದಿನಾ ಕೊಟ್ಟೇನಿ. ಈ ಸಲ ಬೆರಳ ಬಿಟ್ಟ ಹಾಳಿ ಕಲಸ್ರಿ."

ಹಿರಿಯಳು ಅಲ್ಲಿಂದ ಹೊರಟುಹೋದಳು. ಎರಡು ದಿನ ಬುತ್ತಿ ಬಿಚ್ಚುವಾಗ ನನಗೆ ಬೆನ್ನು ಮಾಡಿ ಕೂತಳು. ಆ ಯಂತ್ರ ದೊಡ್ಡ ಕಲೆಗಳನ್ನಷ್ಟೇ ಕಲಿಯುತ್ತದೆ, ಸಣ್ಣ ತೂತು ಅದರ ಕಣ್ಣಿಗೆ ಬೀಳುವುದೇ ಇಲ್ಲ, ವರ್ಷದೊಳಗೆ ಸಾಹೇಬರು ಬೇರೆ ಊರಿಗೆ ಹೋಗಿ ಆ ಕೋಣೆಯಲ್ಲಿ ಹಗ್ಗ, ಗೋಣಿತಟ್ಟು ತುಂಬುತ್ತಾರೆ, ನಾವು ಮೇಜಿನ ಮುಂದೆ ಮಡಚುತ್ತಲೇ ಇರುತ್ತೇವೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅವಳಿಗಂತೂ ಇರಲಿಲ್ಲ.

ಮೂರನೆಯ ದಿನ ಅವಳು ಒಂದು ಕಟ್ಟು ತಂದು ನನ್ನ ಮುಂದೆ ಕುಕ್ಕಿದಳು. ಬರೀ ರದ್ದಿ ಹಾಳೆ. ಒಂದರ ಮೂಲೆಯೂ ಮಡಚಿರಲಿಲ್ಲ.

"ನೋಡ್ಕೊ. ಮುಂಜಾನಿಂದ ಹೆಬ್ಬೆಟ್ಟಿಗೆ ಅರಿವಿ ಸುತ್ಕೊಂಡ ಆರಿಸೇನಿ."

"ಯಾಕಕ್ಕಾ?"

"ಯಾಕಂತ ಕೇಳ್ತಾಳ ನೋಡು! ಕಲಸೂದಾದ್ರ ನೆಟ್ಟಗ ಕಲಸು. ನಾ ನಿನಗ ಸೊಟ್ಟ ಕಲಸಿದ್ನೇನ?"

ಕಟ್ಟು ಒಯ್ದೆ. ಸಾಹೇಬರು ಗುಂಡಿಗಳನ್ನೆಲ್ಲ ಮೊದಲಿನ ಜಾಗಕ್ಕೆ ತಂದಿದ್ದರು. ಮೇಲಿನ ಹಾಳೆ ತೆಗೆದು ಹಲಗೆಯ ಮೇಲಿಟ್ಟೆ. ಮುಳ್ಳು ಅಳುಕುತ್ತ ಬಲಕ್ಕೆ ಹೋಯಿತು.

"ತಪ್ಪು," ಅಂದೆ.