ವೈರ್‌ಲೆಸ್ ಲೈಸೆನ್ಸಿಗೆ ಅಕ್ಕ ಕೊಟ್ಟ ಉತ್ತರ

ಸಿಟ್ಟಿಲ್ಲದೆ ಇದನ್ನು ಹೇಳಲು ನನಗೆ ಬರುವುದಿಲ್ಲ.

ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನಾನು ಎಲೆಕ್ಟ್ರಿಷಿಯನ್. ಪಕ್ಕದ ಕಟ್ಟಡದ ಮಲಯಾಳಿ ಹಿರಿಯರೊಬ್ಬರು ತಾರಸಿಯ ಮೇಲೆ ತಂತಿ ಕಟ್ಟಿ, ಹ್ಯಾಮ್ ರೇಡಿಯೋದಲ್ಲಿ ದೇಶದೇಶದ ಜನರೊಡನೆ ಮಾತಾಡುತ್ತಿದ್ದರು. ರಜೆಯ ದಿನ ಅವರ ಬಳಿ ಕೂತು ಕೂತು ನನಗೂ ಆ ಹುಚ್ಚು ಹಿಡಿಯಿತು. ತಮ್ಮ ಹಳೆಯ ಸೆಟ್ಟನ್ನು ನನಗೇ ಕೊಟ್ಟರು. ಆದರೆ ಕೇಳಬಹುದು, ಮಾತಾಡುವಂತಿಲ್ಲ. ಮೊದಲು ನಮ್ಮ ದೇಶದ ಲೈಸೆನ್ಸ್ ತಾ, ಇಲ್ಲಿಯ ಅನುಮತಿ ಆಮೇಲೆ, ಅಂದರು.

ಒಂದು ಸಂಜೆ ಆ ಸೆಟ್ಟಿನಲ್ಲಿ ಕನ್ನಡ ಕೇಳಿಸಿತು, ಅದೂ ನಮ್ಮ ಕಡೆಯದು. ಸಿಂಧನೂರಿನಿಂದ ವಯಸ್ಸಾದ ದನಿಯೊಂದು "ಯಾರರ ಅದೀರೇನ್ರೀ?" ಎಂದು ಕರೆಯುತ್ತಲೇ ಇತ್ತು. ಯಾರೂ ಓಗೊಡಲಿಲ್ಲ. ಮೈಕು ನನ್ನ ಕೈಯಲ್ಲೇ ಇತ್ತು, ಗುಂಡಿ ಅದುಮಿದರೆ ಕೆಲಸಕ್ಕೇ ಸಂಚಕಾರ. ಆ ದನಿ ಅಡಗುವ ತನಕ ಹಲ್ಲು ಕಚ್ಚಿ ಕೂತೆ.

ಒಂದು ರಜೆಯಲ್ಲಿ ಊರಿಗೆ ಬಂದು ಲೈಸೆನ್ಸಿನ ಪರೀಕ್ಷೆ ಪಾಸಾದೆ. ಮುಂದಿನ ರಜೆಗೆ ಬರುವ ಹೊತ್ತಿಗೆ ಉಳಿದದ್ದು ಪೊಲೀಸ್ ವಿಚಾರಣೆ ಒಂದೇ. ಲಿಂಗಸುಗೂರು, ಮಸ್ಕಿ ನಡುವಿನ ನಮ್ಮೂರಿನ ಮನೆಯಲ್ಲಿ ಅಂಗನವಾಡಿ ನಡೆಸುವ ಅಕ್ಕ ಇದ್ದಾಳೆ. "ಆಫೀಸಿನವರು ಕೇಳಾಕ ಬರ್ತಾರ, ಅದಾನ ಅಂತ ಹೇಳು" ಎಂದು ಅವಳಿಗೆ ಸಾರಿ ಸಾರಿ ಹೇಳಿದ್ದೆ.

ನಾನು ಮುದಗಲ್ಲಿಗೆ ಹೋಗಿದ್ದ ದಿನವೇ ಕಾನ್‌ಸ್ಟೇಬಲ್ ಬಂದ. "ವೈರ್‌ಲೆಸ್ ಇಟ್ಕೊಂಡಾನಂತಲ್ಲ, ಎಲ್ಲಿ ಅದಾನ ಅವ?" ಅಂದನಂತೆ.

"ಅವ ಇಲ್ಲಿರಂಗಿಲ್ರೀ. ಎಲ್ಲಿ ಅದಾನೋ ಏನೋ, ನಮಗೂ ಅವಗೂ ಸಂಬಂಧ ಇಲ್ಲ" ಅಂದಳಂತೆ ನಮ್ಮಕ್ಕ. ಪಕ್ಕದ ಮನೆಯವರೂ ಹೂಂಗುಟ್ಟಿದರು. ಖಾಕಿ ಬಂದು ಹೆಸರು ಹಿಡಿದು ಕೇಳಿದರೆ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಅದೇ ಉತ್ತರ. ಅರ್ಜಿದಾರ ವಿಳಾಸದಲ್ಲಿಲ್ಲ ಎಂದು ವರದಿ ಹೋಗಿ, ಅರ್ಜಿ ವಾಪಸ್ ಬಂದಾಗಲೇ ನನಗೆ ಇದೆಲ್ಲ ಗೊತ್ತಾದದ್ದು.

ಮೈಯೆಲ್ಲ ಉರಿದು, ಅಕ್ಕನನ್ನು ಎಳೆದುಕೊಂಡೇ ಠಾಣೆಗೆ ಹೋದೆ. ಅಲ್ಲಿಯ ಸಾಹೇಬರಿಗೆ ನಗು.

"ಆವತ್ತು ಇಲ್ಲ ಅಂದಿ, ಇವತ್ತು ಅದಾನ ಅಂತಿ. ಖರೇ ಯಾವುದವಾ?"

"ನೀವು ಯಾಕ ಕೇಳ್ತೀರಿ ಅನ್ನೋದರ ಮ್ಯಾಲ ಐತ್ರೀ ಸಾಹೇಬ್ರ" ಅಂದಳು ಅಕ್ಕ.

ಅಲ್ಲಿಗೆ ಮುಗಿಯಿತು. ಹೋದ ವರದಿ ಹೋಯಿತು, ಬೇಕಾದರೆ ಮತ್ತೆ ಅರ್ಜಿ ಹಾಕಿಕೊ, ಅಂದರು. ನನ್ನ ರಜೆ ಆ ವಾರಕ್ಕೇ ಮುಗಿಯುತ್ತಿತ್ತು. ಇನ್ನೊಂದು ವರ್ಷ ಆ ಸೆಟ್ಟಿನ ಮುಂದೆ ಬಾಯಿ ಹೊಲಿದುಕೊಂಡು ಕೂರಬೇಕು.

ವಾಪಸ್ ಬರುವಾಗ ಬಸ್ಸಿನಲ್ಲೇ ಕೂಗಾಡಿದೆ. "ಬುದ್ಧಿ ಐತೇನು ನಿನಗ? ನಾಕು ಅಕ್ಷರ ಕಲಿತಾಕಿ ನೀ. ನನ್ನ ಇಷ್ಟು ದಿನದ ಒದ್ದಾಟ ಎಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತು." ಮಂದಿ ತಿರುಗಿ ನೋಡಿದರು. ನೋಡಲಿ, ನನಗೇನು.

ಅವಳು ಕಿಟಕಿಯ ಕಡೆಗೇ ನೋಡುತ್ತ ಕೇಳಿದಳು. "ದೊಡ್ಡಣ್ಣನ ಕೈ ಯಾಕ ಸೊಟ್ಟ ಆಗೇತಿ, ಗೊತ್ತೈತೇನು?"

ಗೊತ್ತಿತ್ತು. ಯಾರದೋ ಪಂಪ್‌ಸೆಟ್ ಕಳುವಾದಾಗ ಪೊಲೀಸರು ಅವನನ್ನು ಹಿಡಿದೊಯ್ದು ಬಡಿದಿದ್ದರು. ಕದ್ದವನು ಬೇರೆ ಯಾರೋ ಎಂದು ಆಮೇಲೆ ತಿಳಿಯಿತು. ನಾನಾಗ ತೊಟ್ಟಿಲ ಕೂಸು.

"ಆವತ್ತೂ ಬಾಗಿಲಿಗೆ ಬಂದು ಹಿಂಗ ಕೇಳಿದ್ರು, ಮನ್ಯಾಗ ಅದಾನೇನು ಅಂತ" ಅಂದಳು. "ಅದಾನ್ರೀ, ಒಳಗ ಉಣ್ಣಾಕತ್ತಾನ ಅಂತ ಹೇಳಿದಾಕಿ ನಾನ."